ಚರಂಡಿಯ ಅರ್ಜಿ ಪುರಸಭೆಯ ಸಭೆ ತಲುಪುವ ದಾರಿ: ಮನವಿಯಿಂದ ಅಳತೆ ಪುಸ್ತಕದವರೆಗೆ

“ಮೂರು ಸಲ ಅರ್ಜಿ ಕೊಟ್ಟೆವು, ಏನೂ ಆಗಲಿಲ್ಲ.” ಈ ಮಾತು ಹೇಳುವವರ ಹತ್ತಿರ ಅರ್ಜಿಯ ಪ್ರತಿ ಕೇಳಿ ನೋಡಿ, ಇರುವುದಿಲ್ಲ. ಯಾವ ತಾರೀಖು ಅಂದರೆ ನೆನಪಿಲ್ಲ. ಯಾರಿಗೆ ಕೊಟ್ಟಿರಿ ಅಂದರೆ “ಮೆಂಬರ್ ಕೈಗೇ ಕೊಟ್ಟೆವಲ್ಲ” ಅನ್ನುತ್ತಾರೆ. ಅಂಥ ಅರ್ಜಿ ಕಚೇರಿಯ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಅದನ್ನು ತಿರಸ್ಕರಿಸಿದವರೂ ಯಾರಿಲ್ಲ, ಅದು ಯಾರ ಮೇಜಿನ ಮೇಲೂ ಇಲ್ಲ.

ನಮ್ಮ ಬೀದಿಯ ಚರಂಡಿಗಾಗಿ ಓಡಾಡಿದಾಗ, ಆಮೇಲೆ ಅಕ್ಕಪಕ್ಕದ ಬೀದಿಯವರಿಗೆ ಜೊತೆಯಾಗಿ ಹೋದಾಗ ಕಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದು ಅಡ್ಡರಸ್ತೆಯ ಚರಂಡಿಯನ್ನೇ ಇಟ್ಟುಕೊಂಡಿದ್ದೇನೆ. ರಸ್ತೆ, ನೀರಿನ ಪೈಪು, ಉದ್ಯಾನ, ಸಂತೆ ಕಟ್ಟೆ ಯಾವುದಾದರೂ ದಾರಿ ಇದೇ.

ಇದು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಇರುವ ಊರುಗಳಿಗೆ ಅನ್ವಯಿಸುತ್ತದೆ. ಮೂರೂ ನಡೆಯುವುದು ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ. ಪಟ್ಟಣ ಪಂಚಾಯಿತಿ ಮತ್ತು ಪುರಸಭೆಯಲ್ಲಿ ಕಚೇರಿಯ ಮುಖ್ಯಸ್ಥರು ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರು. ಮಹಾನಗರ ಪಾಲಿಕೆಗಳ ಕಾಯ್ದೆ ಬೇರೆ, ಬೆಂಗಳೂರಿನದ್ದು ಇನ್ನೂ ಬೇರೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.

## ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ರಟ್ಟಿನ ಫೈಲು. ಒಂದು ನೋಟ್‌ಬುಕ್. ಅಳತೆ ಟೇಪು, 30 ಮೀಟರಿನದಾದರೆ ಒಳ್ಳೆಯದು. ತಾರೀಖು ಮತ್ತು ಜಾಗ ಫೋಟೋ ಮೇಲೆಯೇ ಬರುವಂಥ ಕ್ಯಾಮೆರಾ ಆ್ಯಪ್. ಸಹಿ ಹಾಕುವ ಮನೆಯವರ ಆಸ್ತಿ ತೆರಿಗೆ ರಸೀದಿಯ ಜೆರಾಕ್ಸ್. ಈ ಕೊನೆಯದನ್ನು ಜನ ಮರೆಯುತ್ತಾರೆ. ತೆರಿಗೆ ಬಾಕಿ ಇದೆ ಅನ್ನುವ ಕಾರಣಕ್ಕೆ ಬೀದಿಗೆ ಚರಂಡಿ ಬೇಡ ಅನ್ನಲು ಆಗುವುದಿಲ್ಲ ನಿಜ. ಆದರೆ ಮಾತು ಬೇರೆ ಕಡೆ ತಿರುಗಲು ಅಷ್ಟೇ ಸಾಕು, ಇಡೀ ಬೆಳಗ್ಗೆ ಅದರಲ್ಲೇ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ 5 ರಿಯಾಯಿತಿಯೂ ಸಿಗುತ್ತದೆ, ಎಲ್ಲರಿಗೂ ಆಗಲೇ ಕಟ್ಟಿಬಿಡಲು ಹೇಳಿ.

ಇನ್ನೊಂದು: ಓಡಾಡಲು ಇಬ್ಬರು ಬೇಕು. ಒಬ್ಬರಿಗೆ ಹುಷಾರಿಲ್ಲದಾಗ, ರಜೆ ಸಿಗದಾಗ ಇನ್ನೊಬ್ಬರು ಹೋಗಬೇಕು. ಹತ್ತು ಜನ ಒಟ್ಟಿಗೆ ನುಗ್ಗಿದರೆ ಆ ದಿನ ಭರವಸೆ ಸಿಗುತ್ತದೆ. ಆಮೇಲೆ ಕಡತದ ಹಿಂದೆ ಹೋಗುವವರು ಯಾರೂ ಇರುವುದಿಲ್ಲ.

## ಹಂತ 1: ಇದು ಪುರಸಭೆಯ ಕೆಲಸವೇ ಅಂತ ಖಚಿತ ಮಾಡಿಕೊಳ್ಳಿ

ಅರ್ಧ ಅರ್ಜಿಗಳು ಇಲ್ಲೇ ಎಡವುತ್ತವೆ. ಊರೊಳಗಿನ ರಸ್ತೆ ಎಲ್ಲ ಪುರಸಭೆಯದ್ದಲ್ಲ. ಊರನ್ನು ಸೀಳಿಕೊಂಡು ಹೋಗುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ಹೆದ್ದಾರಿಯವರದ್ದೋ ಆಗಿರಬಹುದು, ಅದರ ಪಕ್ಕದ ಚರಂಡಿಯೂ ಅವರದ್ದೇ ಆಗಿರಬಹುದು. ಒಳಚರಂಡಿಯ ದೊಡ್ಡ ಕೊಳವೆ ಮಾರ್ಗ, ನೀರಿನ ದೊಡ್ಡ ಯೋಜನೆ ಇವುಗಳನ್ನು ಕಟ್ಟುವುದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಮುಗಿದ ಮೇಲೆ ಪುರಸಭೆಗೆ ಹಸ್ತಾಂತರ ಮಾಡುತ್ತದೆ. ಹಸ್ತಾಂತರ ಆಗಿಲ್ಲದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ವಿದ್ಯುತ್ ಕಂಬ, ತಂತಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ ಅಥವಾ ಸೆಸ್ಕ್‌ದು, ಅದಕ್ಕೆ 1912ಕ್ಕೆ ಫೋನ್ ಮಾಡಿ. ಕಂಬದ ಮೇಲಿನ ಬೀದಿ ದೀಪ ಮಾತ್ರ ಪುರಸಭೆಯದ್ದು.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಖಾಸಗಿ ಲೇಔಟ್. ಲೇಔಟ್ ಮಾಡಿದವರು ರಸ್ತೆ, ಪಾರ್ಕು, ಚರಂಡಿಯನ್ನು ಪುರಸಭೆಗೆ ಬಿಟ್ಟುಕೊಡದೇ ನಿವೇಶನ ಮಾರಿ ಹೋಗಿರುತ್ತಾರೆ. ದಾಖಲೆಯಲ್ಲಿ ಆ ರಸ್ತೆ ಇನ್ನೂ ಖಾಸಗಿಯೇ. ಅಲ್ಲಿ ಪುರಸಭೆ ದುಡ್ಡು ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಹಾಗಾಗಿ ಅಧಿಕಾರಿಗಳು ಮುಂದೆ ಹೋಗುವುದಿಲ್ಲ. ನಿಮ್ಮ ಬೀದಿ ಹೀಗಿದ್ದರೆ ಚರಂಡಿಯ ಅರ್ಜಿಗೆ ಮೊದಲು ಹಸ್ತಾಂತರದ ಅರ್ಜಿ ಹೋಗಬೇಕು. ಕ್ರಮ ತಪ್ಪಿದರೆ ವರ್ಷಗಟ್ಟಲೆ ಕಾಯುತ್ತೀರಿ.

ತಿಳಿಯುವುದು ಹೇಗೆ? ಪುರಸಭೆಯ ಎಂಜಿನಿಯರಿಂಗ್ ವಿಭಾಗದಲ್ಲಿ ರಸ್ತೆಗಳ ಪಟ್ಟಿ ಇರುತ್ತದೆ. “ಈ ರಸ್ತೆ ಪುರಸಭೆಯ ರಸ್ತೆ ಪಟ್ಟಿಯಲ್ಲಿ ಇದೆಯಾ, ಲೇಔಟ್ ಹಸ್ತಾಂತರ ಆಗಿದೆಯಾ” ಎಂದು ನೇರವಾಗಿ ಕೇಳಿ. ಉತ್ತರ ಕೊಟ್ಟವರ ಹುದ್ದೆ ಮತ್ತು ತಾರೀಖು ನೋಟ್‌ಬುಕ್ಕಿನಲ್ಲಿ ಬರೆದಿಡಿ.

## ಹಂತ 2: ಸಭೆಗೆ ಹೋಗಬೇಕಾದ ಕೆಲಸವೋ, ದಿನದ ಕೆಲಸವೋ

ಬಲ್ಬು ಕೆಟ್ಟಿದೆ, ಕಸದ ಗಾಡಿ ಬರುತ್ತಿಲ್ಲ, ಚರಂಡಿಯಲ್ಲಿ ಹೂಳು ತುಂಬಿದೆ. ಇವಕ್ಕೆ ಸಭೆಯ ಒಪ್ಪಿಗೆ ಬೇಕಿಲ್ಲ. ಬೀದಿ ದೀಪ, ಸ್ವಚ್ಛತೆ, ಚರಂಡಿ, ಕುಡಿಯುವ ನೀರು ಕಾಯ್ದೆಯ 87ನೇ ಕಲಂ ಪ್ರಕಾರ ಪುರಸಭೆಯ ಕಡ್ಡಾಯ ಕರ್ತವ್ಯಗಳು. ಸ್ವಚ್ಛತೆಯದ್ದಾದರೆ ಆರೋಗ್ಯ ನಿರೀಕ್ಷಕರನ್ನು ನೋಡಿ, ನೀರು ಮತ್ತು ದೀಪಕ್ಕೆ ಎಂಜಿನಿಯರಿಂಗ್ ವಿಭಾಗ. ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪ್‌ನಲ್ಲಿ ದೂರು ಹಾಕಿದರೆ ಸಂಖ್ಯೆ ಸಿಗುತ್ತದೆ, ಅದು ಬಾಯಿಮಾತಿಗಿಂತ ಮೇಲು.

ಖಾತೆ ಬದಲಾವಣೆ, ಜನನ ಮರಣ ಪತ್ರ, ವ್ಯಾಪಾರ ಪರವಾನಗಿ, ಕಟ್ಟಡ ಪರವಾನಗಿ ಇವು ‘ಸಕಾಲ’ ಯೋಜನೆಯಲ್ಲಿ, ಅಂದರೆ ಇಂತಿಷ್ಟು ದಿನದೊಳಗೆ ಕೊಡಲೇಬೇಕಾದ ಸೇವೆಗಳ ಪಟ್ಟಿಯಲ್ಲಿ ಬರುತ್ತವೆ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿ.ಎಸ್.ಸಿ. ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೊಡುವ ನಿಯಮವಿದೆ. ಆ ಸಂಖ್ಯೆ ಇಲ್ಲದೆ ಗಡುವಿನ ಲೆಕ್ಕ ಶುರುವಾಗುವುದೇ ಇಲ್ಲ.

ಸಭೆಗೆ ಹೋಗಬೇಕಾದ್ದು ಹೊಸದಾಗಿ ದುಡ್ಡು ಖರ್ಚಾಗುವ ಕೆಲಸ, ಹಾಗೆಯೇ ಪುರಸಭೆಯ ಜಾಗ ಅಥವಾ ಮಳಿಗೆಯ ವಿಚಾರ, ದರ ಏರಿಕೆ, ರಸ್ತೆಗೆ ಹೆಸರಿಡುವುದು, ಸಂತೆ ಸ್ಥಳ ಬದಲಾವಣೆ ಇಂಥವು. ಹೊಸ ಚರಂಡಿ ಈ ಗುಂಪಿಗೆ ಸೇರುತ್ತದೆ. ಹೂಳೆತ್ತುವುದು ಸೇರುವುದಿಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಹೂಳೆತ್ತಿ “ಅರ್ಜಿ ವಿಲೇವಾರಿ ಆಗಿದೆ” ಎಂದು ಕಡತ ಮುಚ್ಚುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

## ಹಂತ 3: ಮನವಿ ಬರೆಯುವುದು

ಒಂದು ಮನವಿ, ಒಂದು ವಿಷಯ. ನಮ್ಮ ಬೀದಿಯ ಮೊದಲ ಮನವಿಯಲ್ಲಿ ಏಳು ಬೇಡಿಕೆ ಇದ್ದವು: ಚರಂಡಿ, ದೀಪ, ನಾಯಿ ಕಾಟ, ನೀರು, ಪಾರ್ಕಿನ ಬೇಲಿ, ಇನ್ನೂ ಏನೇನೋ. ಅದು ಯಾವ ವಿಭಾಗಕ್ಕೆ ಹೋಗಬೇಕು ಅಂತ ಕಚೇರಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಮೊದಲ ಮೇಜಿನಲ್ಲೇ ಉಳಿಯಿತು. ಏಳು ವಿಷಯವಿದ್ದರೆ ಏಳು ಹಾಳೆ ಬರೆಯಿರಿ.

ಬರೆಯುವ ರೀತಿ ಹೀಗಿರಲಿ:

ಗೆ: ಮುಖ್ಯಾಧಿಕಾರಿಗಳು, ಪುರಸಭೆ.
ಪ್ರತಿ: ಅಧ್ಯಕ್ಷರು, ವಾರ್ಡಿನ ಸದಸ್ಯರು.
ವಿಷಯ: ವಾರ್ಡ್ ನಂ. 14, ಶಾಲೆಯ ಹಿಂಭಾಗದ 3ನೇ ಅಡ್ಡರಸ್ತೆಯಲ್ಲಿ 120 ಮೀಟರ್ ಚರಂಡಿ ನಿರ್ಮಿಸುವ ಬಗ್ಗೆ, ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸಿ ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಲು ಕೋರಿ.

ಆ ಕೊನೆಯ ಸಾಲನ್ನು ಗಮನಿಸಿ. “ಚರಂಡಿ ಮಾಡಿಕೊಡಿ” ಎಂದು ಬರೆದರೆ ಅಧಿಕಾರಿ ಮಾಡಬೇಕಾದ್ದು ಏನು ಅನ್ನುವುದು ಸ್ಪಷ್ಟವಾಗುವುದಿಲ್ಲ. “ಪರಿಶೀಲಿಸಿ, ಅಂದಾಜು ಮಾಡಿ, ಸಭೆಗೆ ತನ್ನಿ” ಎಂದು ಬರೆದರೆ ಮೂರು ಕೆಲಸ, ಮೂರಕ್ಕೂ ಮುಂದೆ ನೀವು ಪ್ರಶ್ನೆ ಕೇಳಬಹುದು.

ಒಳಗೆ ನಾಲ್ಕೇ ವಿಷಯ ಸಾಕು: ಉದ್ದ ಎಷ್ಟು, ಎಷ್ಟು ಮನೆಗಳಿವೆ, ಈಗ ಏನಾಗುತ್ತಿದೆ, ನೀರು ಕೊನೆಗೆ ಎಲ್ಲಿಗೆ ಹೋಗಬೇಕು. ಈ ನಾಲ್ಕನೆಯದು ಬಹಳ ಮುಖ್ಯ. ಎಷ್ಟೋ ಊರುಗಳಲ್ಲಿ ಚಂದದ ಕಾಂಕ್ರೀಟ್ ಚರಂಡಿ ಕಟ್ಟಿ, ಅದರ ಕೊನೆ ಯಾವ ಚರಂಡಿಗೂ ಸೇರದೆ ಯಾರದೋ ಗೋಡೆಗೆ ಬಂದು ನಿಂತಿರುತ್ತದೆ. ಮಳೆಗಾಲದಲ್ಲಿ ಆ ಕೊನೆಯ ಮನೆಯವರ ಪಾಡು ಕೇಳುವುದೇ ಬೇಡ. ಒಂದು ಮಳೆಯ ದಿನ ಹೋಗಿ ನೀರು ಯಾವ ಕಡೆ ಹರಿಯುತ್ತದೆ ನೋಡಿ, ಒಂದು ಹಾಳೆಯಲ್ಲಿ ಕೈಯಿಂದಲೇ ನಕ್ಷೆ ಬರೆದು ಬಾಣದ ಗುರುತು ಹಾಕಿ. ನಾಲ್ಕು ಫೋಟೋ ಅಂಟಿಸಿ. ಸಹಿ ಮಾಡಿದವರ ಹೆಸರಿನ ಪಕ್ಕ ಮನೆ ನಂಬರ್ ಇರಲಿ.

ಬೈಗುಳ ಬೇಡ, ಹೊಗಳಿಕೆಯೂ ಬೇಡ. ಎರಡು ಪುಟ ದಾಟಿದರೆ ಯಾರೂ ಓದುವುದಿಲ್ಲ.

## ಹಂತ 4: ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು

ಅಧ್ಯಕ್ಷರಿಗೆ ಕೊಡುತ್ತಾ ಫೋಟೋ ತೆಗೆಸಿಕೊಳ್ಳುವುದು ಸ್ವೀಕೃತಿ ಆಗುವುದಿಲ್ಲ. ಮೂಲ ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಮೂರೂ ಬೀಳಬೇಕು. ಬರೀ ಸೀಲು ಹಾಕಿ ನಂಬರ್ ಬರೆಯದೆ ಕೊಟ್ಟರೆ ಅಲ್ಲೇ ನಿಂತು ಬರೆಸಿಕೊಳ್ಳಿ. “ನಾಳೆ ಬನ್ನಿ” ಅಂದರೆ ಮೂಲ ಪ್ರತಿಯನ್ನೂ ವಾಪಸ್ ತನ್ನಿ, ನಾಳೆಯೇ ಎರಡನ್ನೂ ಕೊಡಿ. ತೀರಾ ತೆಗೆದುಕೊಳ್ಳದೇ ಹೋದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ.

ಒಂದು ವಾರ ಬಿಟ್ಟು ಹೋಗಿ, ಆ ಇನ್‌ವರ್ಡ್ ನಂಬರ್ ತೋರಿಸಿ, ಅರ್ಜಿ ಯಾವ ವಿಷಯ ನಿರ್ವಾಹಕರ (ಕಡತ ನೋಡಿಕೊಳ್ಳುವ ಸಿಬ್ಬಂದಿಯ) ಹತ್ತಿರ ಹೋಗಿದೆ, ಕಡತ ತೆರೆದಿದ್ದಾರಾ, ಕಡತದ ಸಂಖ್ಯೆ ಏನು ಎಂದು ಕೇಳಿ. ಅದು ಸಿಕ್ಕಿದ ಮೇಲೆ ಇನ್‌ವರ್ಡ್ ನಂಬರನ್ನು ಯಾರೂ ಕೇಳುವುದಿಲ್ಲ. ಮುಂದಿನದ್ದೆಲ್ಲ ಕಡತದ ಸಂಖ್ಯೆಯ ಮೇಲೆಯೇ ನಡೆಯುತ್ತದೆ. ಫೈಲಿನ ಹೊರಗೆ ದೊಡ್ಡದಾಗಿ ಬರೆದಿಡಿ.

## ಹಂತ 5: ಜೆ.ಇ. ಜೊತೆ ಸ್ಥಳಕ್ಕೆ ಹೋಗಿ

ಕಿರಿಯ ಎಂಜಿನಿಯರ್ ಬಂದು ನೋಡಿ ಅಂದಾಜು ಪಟ್ಟಿ ಮಾಡದೆ ಕಡತ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಸಣ್ಣ ಊರಿನಲ್ಲಿ ಒಬ್ಬರೋ ಇಬ್ಬರೋ ಜೆ.ಇ. ಇರುತ್ತಾರೆ, ಇಡೀ ಊರಿನ ನೀರು, ರಸ್ತೆ, ಕಟ್ಟಡ ಪರವಾನಗಿ ಎಲ್ಲ ಅವರ ತಲೆಯ ಮೇಲೆಯೇ. ಬಹುತೇಕ ಪುರಸಭೆಗಳಲ್ಲಿ 23 ಅಥವಾ 27 ವಾರ್ಡುಗಳಿವೆ. ಅವರನ್ನು ಗದರಿಸಿ ಕರೆತರಲು ಹೋಗಬೇಡಿ. ಬೆಳಗ್ಗೆ ಎಂಟು ಗಂಟೆಗೆ, ಅವರು ನೀರಿನ ಕೆಲಸಕ್ಕೆ ಹೊರಡುವ ಹೊತ್ತಿಗೆ, ನಮ್ಮ ಬೀದಿಗೂ ಬಂದು ಹೋಗಿ ಎಂದು ಕೇಳಿದರೆ ಬರುತ್ತಾರೆ.

ಬಂದಾಗ ಟೇಪು ನಿಮ್ಮದು, ನಕ್ಷೆ ನಿಮ್ಮದು. ಮೂರು ಪ್ರಶ್ನೆ ಕೇಳಿ. ಇಳಿಜಾರು ಯಾವ ಕಡೆಗೆ? ಕೊನೆಯಲ್ಲಿ ಯಾವ ಚರಂಡಿಗೆ ಸೇರುತ್ತದೆ, ಅದು ಇದಕ್ಕಿಂತ ತಗ್ಗಿನಲ್ಲಿ ಇದೆಯಾ? ಕೆಳಗೆ ಹಾಕಬೇಕಾದ ನೀರಿನ ಪೈಪು, ಒಳಚರಂಡಿ ಸಂಪರ್ಕ ಏನಾದರೂ ಬಾಕಿ ಇದೆಯಾ? ಈ ಮೂರನೆಯದ್ದನ್ನು ಯಾರೂ ಕೇಳುವುದಿಲ್ಲ. ಕಾಂಕ್ರೀಟ್ ಹಾಕಿ ಆರು ತಿಂಗಳಾಗುವ ಮುಂಚೆ ಪೈಪಿಗಾಗಿ ಅಗೆಯುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ ಅಲ್ವಾ, ಅದು ಶುರುವಾಗುವುದು ಇಲ್ಲಿ.

ಬೀದಿಯಲ್ಲಿ ಮೆಟ್ಟಿಲು, ಕಟ್ಟೆ, ಗೇಟಿನ ಇಳಿಜಾರು ರಸ್ತೆಗೆ ಚಾಚಿದ್ದರೆ ಆ ಮನೆಯವರ ಜೊತೆ ಈಗಲೇ ಮಾತಾಡಿ ಮುಗಿಸಿ. ಗುತ್ತಿಗೆದಾರ ಬಂದ ದಿನ ಜಗಳ ಆದರೆ ಆತ ಸಾಮಾನು ಎತ್ತಿಕೊಂಡು ಬೇರೆ ವಾರ್ಡಿಗೆ ಹೋಗುತ್ತಾನೆ.

## ಹಂತ 6: ವಿಷಯ ಸೂಚಿಗೆ ಸೇರಿಸುವುದು

ಜನ ಸಭೆಯ ದಿನ ಬೆಳಗ್ಗೆ ಹೋಗಿ “ಇವತ್ತು ನಮ್ಮದನ್ನು ತೆಗೆದುಕೊಳ್ಳಿ” ಅನ್ನುತ್ತಾರೆ. ಆಗ ತುಂಬಾ ತಡವಾಗಿರುತ್ತದೆ. ಪುರಸಭೆಯ ಸಾಮಾನ್ಯ ಸಭೆ ತಿಂಗಳಿಗೊಮ್ಮೆಯಾದರೂ ನಡೆಯಬೇಕು ಎಂದು ಕಾಯ್ದೆ ಹೇಳುತ್ತದೆ. ಸಾಮಾನ್ಯ ಸಭೆಯ ತಿಳುವಳಿಕೆ ಪತ್ರ ಏಳು ದಿನ ಮೊದಲು ಸದಸ್ಯರಿಗೆ ಹೋಗಬೇಕು, ವಿಶೇಷ ಸಭೆಗೆ ಮೂರು ದಿನ. ಆ ಪತ್ರದ ಜೊತೆಯಲ್ಲೇ ವಿಷಯ ಸೂಚಿ ಇರುತ್ತದೆ. ಹಾಗಾದರೆ ನಿಮ್ಮ ವಿಷಯ ಸೂಚಿ ತಯಾರಾಗುವ ಮೊದಲೇ, ಅಂದರೆ ಸಭೆಗೆ ಹತ್ತು ಹನ್ನೆರಡು ದಿನ ಮುಂಚೆಯೇ, ಅಂದಾಜು ಪಟ್ಟಿಯ ಜೊತೆ ಮುಖ್ಯಾಧಿಕಾರಿಯ ಮೇಜಿನ ಮೇಲೆ ಇರಬೇಕು.

ಸದಸ್ಯರು ಬೇಕಾಗುವುದು ಇಲ್ಲಿ. ನಿಮ್ಮ ವಾರ್ಡಿನ ಸದಸ್ಯರು ಈ ವಿಷಯವನ್ನು ಸೂಚಿಗೆ ಸೇರಿಸಬೇಕೆಂದು ಅಧ್ಯಕ್ಷರಿಗೆ ಬರಹದಲ್ಲಿ ಕೊಡಬೇಕು. ಬಾಯಲ್ಲಿ ಹೇಳಿದ್ದು ಸಾಲದು. ನೀವೇ ಟೈಪ್ ಮಾಡಿಸಿ ತೆಗೆದುಕೊಂಡು ಹೋಗಿ, ಕಡತದ ಸಂಖ್ಯೆ ಅದರಲ್ಲಿ ಇರಲಿ, ಅವರು ಸಹಿ ಮಾಡಿದರೆ ಆಯಿತು. ಅದಕ್ಕೂ ಟಪಾಲಿನ ಸೀಲು ಬೇಕು. ಶಾಸಕರು ಮತ್ತು ಸಂಸದರೂ ಪುರಸಭೆಯ ಸದಸ್ಯರೇ, ಅವರಿಗೆ ಮತವೂ ಇದೆ. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರು ಮಾತಾಡಬಹುದು, ಮತ ಹಾಕುವಂತಿಲ್ಲ.

ಸೂಚಿಯ ಕೊನೆಯಲ್ಲಿ “ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು” ಎಂದು ಒಂದು ಸಾಲು ಇರುತ್ತದೆ. “ಅಲ್ಲಿ ಹೇಳಿಬಿಡ್ತೀನಿ ಬಿಡಿ” ಎಂದು ಸದಸ್ಯರು ಹೇಳಿದರೆ ಒಪ್ಪಿಕೊಳ್ಳಬೇಡಿ. ಆ ಹೊತ್ತಿಗೆ ಮಧ್ಯಾಹ್ನ ಊಟದ ಸಮಯ ಆಗಿರುತ್ತದೆ, ಅರ್ಧ ಜನ ಎದ್ದು ಹೋಗಿರುತ್ತಾರೆ. ನಿಮ್ಮ ವಿಷಯಕ್ಕೆ ಸೂಚಿಯಲ್ಲಿ ತನ್ನದೇ ಕ್ರಮ ಸಂಖ್ಯೆ ಇರಬೇಕು.

ಸದಸ್ಯರೇ ಇಲ್ಲದ, ಅಥವಾ ಗೆದ್ದಿದ್ದರೂ ಅಧಿಕಾರ ಸಿಗದ ಕಾಲವೂ ಇರುತ್ತದೆ. 2018ರಲ್ಲಿ ಚುನಾವಣೆ ನಡೆದ ಅನೇಕ ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದ 2020ರವರೆಗೆ ಅಧ್ಯಕ್ಷರೇ ಇರಲಿಲ್ಲ, ಗೆದ್ದವರು ಸುಮ್ನೆ ಕೂತಿದ್ದರು. ಐದು ವರ್ಷದ ಅವಧಿ ಮುಗಿದು ಹೊಸ ಚುನಾವಣೆ ಆಗದಿದ್ದಾಗಲೂ ಹೀಗೆಯೇ. ಆಗ ಸಭೆಯ ಅಧಿಕಾರ ಆಡಳಿತಾಧಿಕಾರಿಗೆ ಹೋಗುತ್ತದೆ, ಸಾಮಾನ್ಯವಾಗಿ ಅವರು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಂಥ ಕಂದಾಯ ಅಧಿಕಾರಿ. ಮನವಿಯ “ಪ್ರತಿ” ಸಾಲಿನಲ್ಲಿ ಅಧ್ಯಕ್ಷರ ಬದಲು ಆಡಳಿತಾಧಿಕಾರಿ ಎಂದು ಬರೆಯಿರಿ. ಉಳಿದ ಹಂತಗಳು ಬದಲಾಗುವುದಿಲ್ಲ.

## ಹಂತ 7: ಸಭೆಯ ದಿನ

ಸಾಮಾನ್ಯವಾಗಿ ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಕೂತು ಕೇಳಬಹುದು, ಎದ್ದು ಮಾತಾಡುವಂತಿಲ್ಲ. ಅಧ್ಯಕ್ಷರು ಹೊರಗೆ ಹೋಗಿ ಅಂದರೆ ಹೋಗಬೇಕು. ಇಬ್ಬರು ಹೋದರೆ ಸಾಕು, ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳಿ.

ಮೊದಲು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುತ್ತಾರೆ. ಆಮೇಲೆ ಜಮಾ-ಖರ್ಚು. ಗಲಾಟೆ ಹೆಚ್ಚಾಗಿ ಇಲ್ಲೇ ಆಗುವುದು, ಎರಡು ಗಂಟೆ ಹೋದರೂ ಆಶ್ಚರ್ಯ ಇಲ್ಲ. ನಿಮ್ಮ ವಿಷಯ ಬಂದಾಗ ಯಾರು ಮಂಡಿಸಿದರು, ಯಾರು ಅನುಮೋದಿಸಿದರು, ಎಷ್ಟು ಮೊತ್ತ ಹೇಳಿದರು, ಯಾವ ನಿಧಿಯಿಂದ ಎಂದರು, ಈ ನಾಲ್ಕನ್ನು ಅವರು ಆಡಿದ ಮಾತಿನಲ್ಲೇ ಬರೆದುಕೊಳ್ಳಿ. ಕೋರಂ ಇಲ್ಲದೆ, ಅಂದರೆ ಬೇಕಾದಷ್ಟು ಸದಸ್ಯರು ಬಾರದೆ, ಸಭೆ ಮುಂದೆ ಹೋದರೆ ಹೊಸ ತಾರೀಖು ಗುರುತು ಹಾಕಿಕೊಳ್ಳಿ. ಹಿಂದಿನ ಸೂಚಿಯಲ್ಲಿದ್ದ ವಿಷಯ ಹೊಸ ಸೂಚಿಯಲ್ಲಿ ಇದೆಯಾ ಎಂದು ಮತ್ತೆ ನೋಡಲೇಬೇಕು.

## ಹಂತ 8: ನಡಾವಳಿಯ ಮಾತುಗಳನ್ನು ಓದುವುದು

“ಪಾಸಾಯ್ತು” ಎಂದು ಸಿಹಿ ಹಂಚಿ, ಆಮೇಲೆ ಒಂದು ವರ್ಷ ಕಾದವರನ್ನು ನೋಡಿದ್ದೇನೆ. ಅವರ ವಿಷಯ ಪಾಸಾಗಿರಲಿಲ್ಲ, ಚರ್ಚೆಯಾಗಿತ್ತು ಅಷ್ಟೇ. ಸಭೆಯಾದ ಒಂದೆರಡು ವಾರದಲ್ಲಿ ನಡಾವಳಿ ಪುಸ್ತಕದಲ್ಲಿ ನಿಮ್ಮ ವಿಷಯದ ಠರಾವು, ಅಂದರೆ ಸಭೆಯ ನಿರ್ಣಯ, ಓದಿ, ಸಾಧ್ಯವಾದರೆ ದೃಢೀಕೃತ ನಕಲು ಪಡೆಯಿರಿ.

“ಸಭೆಯ ಗಮನಕ್ಕೆ ತರಲಾಯಿತು” ಎಂದಿದ್ದರೆ ಏನೂ ತೀರ್ಮಾನ ಆಗಿಲ್ಲ. “ಚರ್ಚಿಸಿ ಮುಂದೂಡಲಾಯಿತು” ಎಂದಿದ್ದರೆ ಮುಂದಿನ ಸಭೆಯ ಸೂಚಿಗೆ ಮತ್ತೆ ಸೇರಿಸಬೇಕು, ತಾನಾಗಿ ಬರುವುದಿಲ್ಲ. “ಪರಿಶೀಲಿಸಿ ಕ್ರಮ ಕೈಗೊಳ್ಳಲು ಸೂಚಿಸಲಾಯಿತು” ಎನ್ನುವುದು ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಮೊತ್ತವೂ ಇಲ್ಲ, ನಿಧಿಯೂ ಇಲ್ಲ. ಇನ್ನೊಂದು “ಅನುದಾನದ ಲಭ್ಯತೆಗೆ ಒಳಪಟ್ಟು ಅನುಮೋದಿಸಲಾಯಿತು”. ಇದು ಅರ್ಧ ಗೆಲುವು. ಕೆಲಸಕ್ಕೆ ಒಪ್ಪಿದ್ದಾರೆ, ದುಡ್ಡು ಗೊತ್ತು ಮಾಡಿಲ್ಲ.

ನಿಮಗೆ ಬೇಕಾದ ಠರಾವಿನಲ್ಲಿ ಜಾಗ, ಅಂದಾಜು ಮೊತ್ತ, ಯಾವ ನಿಧಿ ಮತ್ತು ಆಡಳಿತಾತ್ಮಕ ಅನುಮೋದನೆ ನಾಲ್ಕೂ ಇರಬೇಕು. ಜಾಗದ ಹೆಸರು ತಪ್ಪಾಗಿದೆಯಾ ನೋಡಿ. 3ನೇ ಅಡ್ಡರಸ್ತೆ ಎನ್ನುವುದು 5ನೇ ಅಡ್ಡರಸ್ತೆ ಆಗಿದ್ದರೆ ಚರಂಡಿ ಅಲ್ಲಿಗೇ ಹೋಗುತ್ತದೆ. ತಿದ್ದುಪಡಿಗೆ ಸರಿಯಾದ ಸಮಯ ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಣಕ್ಕೆ ಬರುವ ಮೊದಲು. ಸದಸ್ಯರಿಗೆ ಅಂದೇ ತಿಳಿಸಿ.

ಠರಾವು ಆದ ಮೇಲೂ ಅದು ಕಾನೂನಿಗೆ ವಿರುದ್ಧ ಎನಿಸಿದರೆ ಜಿಲ್ಲಾಧಿಕಾರಿ ತಡೆಹಿಡಿಯಬಹುದು. ಚರಂಡಿಗೆ ಹಾಗಾಗುವುದು ಅಪರೂಪ, ಪುರಸಭೆಯ ಜಾಗ, ಮಳಿಗೆ ಹಂಚಿಕೆಯ ವಿಷಯಗಳಲ್ಲಿ ಆಗುತ್ತದೆ.

## ಹಂತ 9: ದುಡ್ಡು ಎಲ್ಲಿಂದ

“ಅನುದಾನ ಇಲ್ಲ” ಎಂಬ ಉತ್ತರಕ್ಕೆ ಹೆದರಿ ಹಿಂದೆ ಬರಬೇಡಿ. “ಯಾವ ಅನುದಾನ ಇಲ್ಲ?” ಎಂದು ಕೇಳಿ. ಪುರಸಭೆಯ ಸ್ವಂತ ನಿಧಿ ಬೇರೆ, ಅದು ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆಯಿಂದ ಬರುತ್ತದೆ. ರಾಜ್ಯ ಹಣಕಾಸು ಆಯೋಗದ ಅನುದಾನ ಬೇರೆ. ಕೇಂದ್ರ ಹಣಕಾಸು ಆಯೋಗದ್ದು ಇನ್ನೊಂದು, ಅದರಲ್ಲಿ ಒಂದು ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು. ನಗರೋತ್ಥಾನದಂಥ ಯೋಜನೆಗಳದ್ದು ಮತ್ತೊಂದು ಲೆಕ್ಕ. ಇದಲ್ಲದೆ ಇಂಥ ನಿಧಿಗಳಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರೆ ಬಡ ವರ್ಗದವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ನಿಮ್ಮ ಬೀದಿಯಲ್ಲಿ ಪರಿಶಿಷ್ಟರ ಮನೆಗಳು ಹೆಚ್ಚಿದ್ದರೆ ಮನವಿಯಲ್ಲೇ ಅದನ್ನು ಬರೆಯಿರಿ. ಆ ಹಣ ಖರ್ಚಾಗದೆ ಉಳಿಯುವುದು ಅನ್ಯಾಯ.

ಅನುದಾನದ ಕೆಲಸಗಳಿಗೆ ಕ್ರಿಯಾ ಯೋಜನೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿ, ತಯಾರಾಗಿ, ಸಭೆಯಲ್ಲಿ ಒಪ್ಪಿಗೆಯಾಗಿ, ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಯ ಅನುಮೋದನೆಗೆ ಹೋಗುತ್ತದೆ. ನಿಮ್ಮ ಚರಂಡಿ ಆ ಪಟ್ಟಿಯಲ್ಲಿ ಒಂದು ಸಾಲಾಗಿ ಇಲ್ಲದಿದ್ದರೆ ಠರಾವು ಎಷ್ಟೇ ಚೆನ್ನಾಗಿದ್ದರೂ ಆ ವರ್ಷ ಕೆಲಸ ಆಗುವುದಿಲ್ಲ. ಕ್ರಿಯಾ ಯೋಜನೆ ಯಾವಾಗ ಮಾಡುತ್ತೀರಿ ಎಂದು ಪ್ರತಿ ತಿಂಗಳು ಕೇಳುತ್ತಿರಿ.

ಬಜೆಟ್ ಮಾರ್ಚ್ ಒಳಗೆ ಮಂಡನೆಯಾಗಬೇಕು. ಅದಕ್ಕೂ ಮೊದಲು ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿಗೆ ಬರುವವರು ಬೆರಳೆಣಿಕೆಯಷ್ಟು ಜನ. ಅಲ್ಲಿಯೂ ಮಾತಿನ ಜೊತೆ ಒಂದು ಹಾಳೆ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಒಂದು ಎಚ್ಚರಿಕೆ: ಚುನಾವಣೆ ನೀತಿ ಸಂಹಿತೆ ಜಾರಿಯಾದರೆ ಹೊಸ ಕೆಲಸ ಶುರು ಮಾಡುವಂತಿಲ್ಲ. ಚುನಾವಣೆ ಹತ್ತಿರ ಇದ್ದರೆ ಕಾರ್ಯಾದೇಶ, ಅಂದರೆ ಗುತ್ತಿಗೆದಾರರಿಗೆ ಕೆಲಸ ಮಾಡಲು ಕೊಡುವ ಆದೇಶ, ಹೊರಬಂದು ಸ್ಥಳದಲ್ಲಿ ಕೆಲಸವೂ ಅದಕ್ಕೂ ಮೊದಲೇ ಶುರುವಾಗಿರಬೇಕು.

## ಹಂತ 10: ಕಡತ ನಿಂತುಹೋದರೆ

ನಿಂತಿದೆ ಅನ್ನುವುದಕ್ಕೆ ಗುರುತುಗಳಿವೆ. ಎರಡು ಸಲ ಹೋದಾಗ ಕಡತ ಒಂದೇ ಮೇಜಿನಲ್ಲಿದ್ದರೆ, “ಸಾಹೇಬ್ರು ರಜೆ” ಎಂಬ ಉತ್ತರ ಮೂರನೇ ಸಲ ಬಂದರೆ, ಜೆ.ಇ. ವರ್ಗವಾಗಿ ಹೊಸಬರಿಗೆ ಕಡತದ ಬಗ್ಗೆ ಗೊತ್ತಿಲ್ಲದಿದ್ದರೆ. ಮೂರನೆಯದ್ದು ಬಹಳ ಸಾಮಾನ್ಯ. ನಿಮ್ಮ ಫೈಲಿನ ಜೆರಾಕ್ಸ್ ಒಂದು ಸೆಟ್ ಹೊಸಬರಿಗೆ ಕೊಟ್ಟರೆ ಅವರಿಗೂ ಅನುಕೂಲ, ನಿಮಗೂ ಅನುಕೂಲ.

ಮೊದಲು ಮುಖ್ಯಾಧಿಕಾರಿಗೆ ಒಂದು ನೆನಪೋಲೆ. ಆಮೇಲೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. “ಯಾಕೆ ಮಾಡಿಲ್ಲ” ಎಂದು ಕೇಳಬೇಡಿ, ಅದಕ್ಕೆ ದಾಖಲೆ ಇರುವುದಿಲ್ಲ. “ಕಡತ ಸಂಖ್ಯೆ ಇಂಥದ್ದರ ಟಿಪ್ಪಣಿ ಹಾಳೆಗಳ ನಕಲು, ಅಂದಾಜು ಪಟ್ಟಿಯ ನಕಲು, ಇಂಥ ತಾರೀಖಿನ ಠರಾವಿನ ನಕಲು ಕೊಡಿ” ಎಂದು ಕೇಳಿ. ಉತ್ತರಕ್ಕೆ 30 ದಿನ. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಬಹಳ ಸಲ ಅಷ್ಟು ದೂರ ಹೋಗಬೇಕಾಗುವುದಿಲ್ಲ. ಟಿಪ್ಪಣಿ ಹಾಳೆ ಕೇಳಿದ ಕೂಡಲೇ ಕಡತ ಹುಡುಕಬೇಕಾಗುತ್ತದೆ, ಹುಡುಕಿದ ಮೇಲೆ ಅದರಲ್ಲಿ ಏನಾದರೂ ಬರೆಯಬೇಕಾಗುತ್ತದೆ.

ಸರ್ಕಾರದ 1902 ಸಹಾಯವಾಣಿಗೂ ದೂರು ಕೊಡಬಹುದು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಯೋಜನಾ ನಿರ್ದೇಶಕರನ್ನು ಭೇಟಿಯಾಗುವುದು ಇನ್ನೂ ನೇರ ದಾರಿ, ಊರಿನ ಕ್ರಿಯಾ ಯೋಜನೆ ಅವರ ಕೈಯಲ್ಲೇ ಇರುತ್ತದೆ.

## ಹಂತ 11: ಕೆಲಸ ಶುರುವಾದ ಮೇಲೆ

ಕಾರ್ಯಾದೇಶದ ನಕಲು ಪಡೆಯಿರಿ. ಉದ್ದ, ಅಗಲ, ಆಳ, ಕಾಂಕ್ರೀಟಿನ ಮಿಶ್ರಣ, ಮುಗಿಸುವ ಅವಧಿ ಎಲ್ಲ ಅಂದಾಜು ಪಟ್ಟಿಯಲ್ಲಿ ಇರುತ್ತದೆ. ಅಗೆದ ದಿನವೇ ಟೇಪು ಹಿಡಿದು ಆಳ ನೋಡಿ, ಕಾಂಕ್ರೀಟ್ ಬಿದ್ದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ತಳದ ಇಳಿಜಾರು ಸರಿ ಇದೆಯಾ ತಿಳಿಯಲು ಮೇಲಿನ ತುದಿಯಲ್ಲಿ ನಾಲ್ಕು ಕೊಡ ನೀರು ಸುರಿದು ನೋಡಿ. ಹಾಕಿದ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಗುತ್ತಿಗೆದಾರರ ಕಡೆಯವರು ಬರದ ದಿನ ಬೀದಿಯವರೇ ಒಂದೊಂದು ಕೊಡ ಹಾಕಿದರೂ ನಷ್ಟವಿಲ್ಲ.

ಏನಾದರೂ ತಪ್ಪು ಕಂಡರೆ ಕೆಲಸಗಾರರ ಜೊತೆ ಜಗಳ ಬೇಡ, ಅವರು ಹೇಳಿದ್ದನ್ನು ಮಾಡುವವರು. ಫೋಟೋದ ಜೊತೆ ಜೆ.ಇ.ಗೆ ಅಂದೇ ಬರೆದು ಕೊಡಿ. ಜೆ.ಇ. ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಎಷ್ಟು ಮೀಟರ್ ಎಂದು ಬರೆಯುತ್ತಾರೋ ಅಷ್ಟಕ್ಕೆ ಬಿಲ್ಲು ಆಗುತ್ತದೆ. ನಿಮ್ಮ ಆಕ್ಷೇಪಣೆ ಬಿಲ್ಲಿಗಿಂತ ಮೊದಲು ಕಡತದಲ್ಲಿ ಇದ್ದರೆ ಅದಕ್ಕೆ ಬೆಲೆ ಇದೆ. 120 ಮೀಟರ್ ಎಂದು ಬರೆದು 95 ಮೀಟರ್ ಆಗಿದ್ದರೆ ಟೇಪಿನ ಫೋಟೋ ಸಾಕು.

ಬಿಲ್ಲಾದ ಮೇಲೂ ಫೈಲು ಎಸೆಯಬೇಡಿ. ಮೊದಲ ದೊಡ್ಡ ಮಳೆ ಬಂದ ದಿನ ಕೊಡೆ ಹಿಡಿದು ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಬಿರುಕಿದೆ, ಫೋಟೋ ತೆಗೆಯಿರಿ. ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರರ ಮೇಲೆ ಎಷ್ಟು ಕಾಲ ಇದೆ ಅನ್ನುವುದು ಕರಾರಿನಲ್ಲೇ ಇರುತ್ತದೆ. ಅದೇ ಕಡತದ ಸಂಖ್ಯೆ ಹಾಕಿ, ಅದೇ ಟಪಾಲು ವಿಭಾಗದಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಬನ್ನಿ.